ನುಸಿಯನ್ನು ತಿನ್ನುವ ನುಸಿ

ಸ್ಮರಣ ಸಂಚಿಕೆಗೆ ಲೇಖನ ಕೇಳಿದ ಗೆಳೆಯರು ನಾನು ಸಾಫ್ಟ್‌ವೇರ್ ಬಗ್ಗೆಯೇ ಬರೆಯುತ್ತೇನೆಂದು ತಿಳಿದಿದ್ದರು. ಆದರೆ ಈ ಶಾಲೆಯ ಹೆಸರು ಬಂದೊಡನೆ ನನಗೆ ನೆನಪಾಗುವುದು ತೆಂಗಿನ ನುಸಿ. 2001ರಲ್ಲಿ ನಾನು 8ನೇ ತರಗತಿಗೆ ಸೇರಿದಾಗ ನಮ್ಮ ಕಡೆಯ ತೋಟಗಳಲ್ಲೆಲ್ಲ ಅದರದೇ ಮಾತು. ಕಾಯಿಯ ತೊಟ್ಟಿನ ಬುಡದಿಂದ ಕಂದು ಗೀರುಗಳು ಇಳಿಯುತ್ತಿದ್ದವು. ಸಿಪ್ಪೆ ಬಿರಿದು, ಕಾಯಿ ಬೆಳೆಯದೆ ಸಣ್ಣದಾಗಿಯೇ ನಿಲ್ಲುತ್ತಿತ್ತು. ಅಂಥ ಕಾಯಿ ಸುಲಿಯುವವರು ಹೆಚ್ಚು ಕೂಲಿ ಕೇಳುತ್ತಿದ್ದರು, ಕೊಳ್ಳುವವರು ಕಡಿಮೆ ದರ ಹೇಳುತ್ತಿದ್ದರು. ಅಪ್ಪ ಎಳೆಯ ಬೇರು ಹುಡುಕಿ, ಅದರ ತುದಿ ಕತ್ತರಿಸಿ, ಔಷಧಿ ತುಂಬಿದ ಪ್ಲಾಸ್ಟಿಕ್ ಕವರನ್ನು ಕಟ್ಟುತ್ತಿದ್ದರು. ಆಮೇಲೆ ಕೆಲವು ವಾರ ಆ ಮರದ ಎಳನೀರು ಮುಟ್ಟುವಂತಿರಲಿಲ್ಲ.

ನಮ್ಮ ವಿಜ್ಞಾನ ಮೇಷ್ಟ್ರು ಒಂದು ದಿನ ಅಂಥದ್ದೇ ಕಾಯಿಯನ್ನು ತರಗತಿಗೆ ತಂದು, "ಇದನ್ನು ಹಾಳು ಮಾಡಿದ ನುಸಿಯನ್ನು ತಿನ್ನುವ ಜೀವಿ ಯಾವುದೂ ಇಲ್ಲವೇನ್ರೋ?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಇದು ತಡವಾಗಿ ಬಂದ ಉತ್ತರ.

ನುಸಿ ಕೀಟವಲ್ಲ, ಜೇಡದ ಬಳಗದ್ದು. ಬೆಳೆಯ ರಸ ಹೀರುವ ನುಸಿಗಳಿರುವಂತೆ ಅವನ್ನು ಹಿಡಿದು ತಿನ್ನುವ ಪರಭಕ್ಷಕ ನುಸಿಗಳೂ ಇವೆ. ಅವುಗಳಲ್ಲಿ ಮುಖ್ಯವಾದದ್ದು ಫೈಟೋಸೀಡೇ ಕುಟುಂಬ. ಉದ್ದ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಕಣ್ಣಿಲ್ಲ, ಬೇಟೆಯೆಲ್ಲ ವಾಸನೆ ಮತ್ತು ಸ್ಪರ್ಶದಿಂದ. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಹೊಡೆದ ಹಣ್ಣಿನ ತೋಟಗಳಲ್ಲಿ ನುಸಿ ಕಾಟ ಕಡಿಮೆಯಾಗುವ ಬದಲು ಹೆಚ್ಚಿತು. ಔಷಧಿ ಬೇಟೆಗಾರರನ್ನೂ ಕೊಂದಿತ್ತು. ವಿಜ್ಞಾನಿಗಳ ಗಮನ ಈ ಕುಟುಂಬದ ಕಡೆ ಹೊರಳಿದ್ದು ಆಗ.

ಮೊದಲ ವರ್ಗೀಕರಣವೆಲ್ಲ ದೇಹದ ಲಕ್ಷಣ ನೋಡಿ ಮಾಡಿದ್ದು. ಬೆನ್ನ ಮೇಲೆ ಎಷ್ಟು ರೋಮಗಳಿವೆ, ಎಲ್ಲೆಲ್ಲಿವೆ, ಎಷ್ಟು ಉದ್ದ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸಿ ಕುಲ, ಪ್ರಭೇದ ನಿಗದಿ ಮಾಡಿದರು. ಅದು ಬೇಕಾದ ಕೆಲಸವೇ. ಆದರೆ ಇದು ಏನು ತಿನ್ನುತ್ತದೆ, ನನ್ನ ಹೊಲದಲ್ಲಿ ಉಳಿಯುತ್ತದೆಯೇ ಎಂಬ ರೈತನ ಪ್ರಶ್ನೆಗೆ ರೋಮದ ಲೆಕ್ಕ ಉತ್ತರ ಕೊಡುವುದಿಲ್ಲ.

1957ರಲ್ಲಿ ಅಥಿಯಾಸ್-ಹೆನ್ರಿಯೋ ಎಂಬ ವಿಜ್ಞಾನಿ ಅಲ್ಜೀರಿಯಾದ ಒಂದು ನುಸಿಗೆ ಫೈಟೋಸಿಯುಲಸ್ ಪರ್ಸಿಮಿಲಿಸ್ ಎಂದು ಹೆಸರಿಟ್ಟರು. ಚಿಲಿಯಿಂದ ಬಂದ ಆರ್ಕಿಡ್ ಗಿಡಗಳ ಜೊತೆ ಅದೇ ನುಸಿ ಜರ್ಮನಿಗೂ ತಲುಪಿತು. ಬಲೆ ನೇಯುವ ಕೆಂಪು ನುಸಿಯೇ ಇದರ ಊಟ. ದಿನಕ್ಕೆ ಇಪ್ಪತ್ತರಷ್ಟು ಮೊಟ್ಟೆ, ಇಲ್ಲವೇ ಐದಾರು ಬೆಳೆದ ನುಸಿಗಳನ್ನು ಮುಗಿಸುತ್ತದೆ. 1960ರ ದಶಕದ ಕೊನೆಗೆ ನೆದರ್‌ಲ್ಯಾಂಡ್ಸ್‌ನ ಗಾಜಿನಮನೆಗಳಲ್ಲಿ ಸೌತೆ ಬೆಳೆಯುವವರು ಇದನ್ನು ಹಣ ಕೊಟ್ಟು ತರಿಸತೊಡಗಿದರು. ಒಂದೇ ತೊಂದರೆ ಏನೆಂದರೆ, ಕೆಂಪು ನುಸಿ ಮುಗಿದರೆ ಇದಕ್ಕೆ ಉಪವಾಸ. ಚದುರಿಹೋಗುತ್ತದೆ ಅಥವಾ ಸಾಯುತ್ತದೆ. ಮುಂದಿನ ಸಲ ಮತ್ತೆ ಕೊಳ್ಳಬೇಕು. ಗಾಜಿನಮನೆಯ ಮಾಲೀಕನಿಗೆ ಅದು ಸಾಧ್ಯ, ಬಡ ರೈತನಿಗೆ ಎಲ್ಲಿಂದ ಸಾಧ್ಯ?

ಆ ಪ್ರಶ್ನೆ ಎದುರಾದದ್ದು ಆಫ್ರಿಕಾದಲ್ಲಿ. ಅಲ್ಲಿ ಮರಗೆಣಸು ಕೋಟ್ಯಂತರ ಜನರ ದಿನದ ಊಟ. 1971ರಲ್ಲಿ ಉಗಾಂಡಾದಲ್ಲಿ ದಕ್ಷಿಣ ಅಮೆರಿಕದ ಹಸಿರು ನುಸಿ ಕಾಣಿಸಿಕೊಂಡು, ನೋಡನೋಡುತ್ತಲೇ ಮರಗೆಣಸು ಬೆಳೆಯುವ ನಾಡುಗಳಿಗೆಲ್ಲ ಹಬ್ಬಿತು. 1984ರಿಂದ ಕೆಲವು ವರ್ಷ ವಿಜ್ಞಾನಿಗಳು ಕೊಲಂಬಿಯಾದಿಂದ ಹಲವು ಜಾತಿಯ ಪರಭಕ್ಷಕ ನುಸಿಗಳನ್ನು ತಂದು ಲಕ್ಷಾಂತರ ಸಂಖ್ಯೆಯಲ್ಲಿ ಬಿಟ್ಟರು. ಒಂದೂ ನೆಲೆಯೂರಲಿಲ್ಲ. ಒಣಹವೆ ಒಂದು ಕಾರಣ. ಇನ್ನೊಂದು, ಹಸಿರು ನುಸಿ ಕಡಿಮೆಯಾದ ತಿಂಗಳುಗಳಲ್ಲಿ ಇವಕ್ಕೆ ತಿನ್ನಲು ಬೇರೇನೂ ಇರಲಿಲ್ಲ.

ಆಮೇಲೆ ಹುಡುಕಾಟ ಬ್ರೆಜಿಲ್ ಕಡೆ ತಿರುಗಿತು. 1993ರಲ್ಲಿ ಬೆನಿನ್ ದೇಶದಲ್ಲಿ ಟಿಫ್ಲೋಡ್ರೊಮಾಲಸ್ ಅರಿಪೊ ಎಂಬ ನುಸಿಯನ್ನು ಬಿಟ್ಟರು. ಅದೇನೂ ದೊಡ್ಡ ಹೊಟ್ಟೆಬಾಕ ಅಲ್ಲ. ಹಗಲೆಲ್ಲ ಗಿಡದ ಕುಡಿಯಲ್ಲಿ ಅವಿತಿದ್ದು ರಾತ್ರಿ ಎಲೆಗಳಿಗೆ ಇಳಿಯುತ್ತದೆ. ಹಸಿರು ನುಸಿ ಸಿಗದಿದ್ದರೆ ಬೇರೆ ನುಸಿ, ಮೆಕ್ಕೆಜೋಳದ ಪರಾಗ, ಗಿಡದ ಒಸರು, ಏನಾದರೂ ಆದೀತು. ಅದು ಉಳಿಯಿತು, ತಾನಾಗಿಯೇ ದೇಶದಿಂದ ದೇಶಕ್ಕೆ ಹರಡಿತು. ಪಶ್ಚಿಮ ಆಫ್ರಿಕಾದಲ್ಲಿ ಅದು ನೆಲೆಸಿದ ಹೊಲಗಳ ಇಳುವರಿ ಸುಮಾರು ಮೂರನೇ ಒಂದರಷ್ಟು ಹೆಚ್ಚಿತು. ರೈತ ಒಂದು ಕಾಸೂ ಖರ್ಚು ಮಾಡಬೇಕಾಗಲಿಲ್ಲ.

1997ರಲ್ಲಿ ಅಮೆರಿಕದ ಮೆಕ್‌ಮರ್ಟ್ರಿ ಮತ್ತು ಕ್ರಾಫ್ಟ್ ಈ ಕುಟುಂಬವನ್ನು ಊಟದ ಪ್ರಕಾರ ನಾಲ್ಕು ಗುಂಪು ಮಾಡಿದರು. ಪರ್ಸಿಮಿಲಿಸ್‌ನಂತೆ ಕೆಂಪು ನುಸಿಗೇ ಕಟ್ಟುಬಿದ್ದವು ಮೊದಲನೆಯವು. ಅದನ್ನೇ ಬಯಸಿದರೂ ಬೇರೆಯದರಲ್ಲೂ ಕಾಲ ಹಾಕುವವು ಎರಡನೆಯವು. ನುಸಿ, ಥ್ರಿಪ್ಸ್, ಬಿಳಿನೊಣ, ಪರಾಗ ಎನ್ನದೆ ತಿನ್ನುವವು ಮೂರನೆಯವು. ಪರಾಗವೇ ಪ್ರಧಾನವಾದವು ನಾಲ್ಕನೆಯವು. ದಿನವಿಡೀ ಡೇಟಾಬೇಸ್ ವಿಂಗಡಿಸುವ ನನಗೆ ಇದು ಬಹಳ ಹಿಡಿಸಿತು. ಹಳೆಯ ವರ್ಗೀಕರಣವನ್ನು ಅಳಿಸದೆ, ಪಕ್ಕದಲ್ಲಿ ಇನ್ನೊಂದು ಕಾಲಂ ಸೇರಿಸಿದ ಹಾಗೆ.

2013ರಲ್ಲಿ ಮೆಕ್‌ಮರ್ಟ್ರಿ ಸಂಗಡಿಗರೊಂದಿಗೆ ಇದನ್ನು ತಿದ್ದಿದಾಗ, ಮೂರನೇ ಗುಂಪನ್ನು ವಾಸಸ್ಥಳದ ಪ್ರಕಾರ ಒಡೆದರು. ಅದರಲ್ಲೊಂದು ಒಳಗುಂಪು ಏಕದಳ ಸಸ್ಯಗಳ ಇಕ್ಕಟ್ಟು ಜಾಗಗಳಲ್ಲಿ ಬದುಕುವಂಥದ್ದು. ತೆಂಗು ಏಕದಳ ಸಸ್ಯ. ನಿಯೋಸಿಯುಲಸ್ ಬರಾಕಿ ಎಂಬ ಚಪ್ಪಟೆ, ಉದ್ದ ಮೈಯ ನುಸಿ ಕಾಯಿಯ ತೊಟ್ಟಿನ ಟೋಪಿಯ ಸಂದಿಗೆ ನುಸುಳಿ ತೆಂಗಿನ ನುಸಿಯನ್ನು ತಿನ್ನುತ್ತದೆ. ಶ್ರೀಲಂಕಾದಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಸಾಕಿ ತೋಟಗಳಿಗೆ ಬಿಟ್ಟಿದ್ದಾರೆ. ಕೇರಳದಲ್ಲೂ ಇದು ಕಂಡುಬಂದಿದೆ. ಮೇಷ್ಟ್ರ ಪ್ರಶ್ನೆಗೆ ಉತ್ತರ ಇದೇ.

ಜಗತ್ತಿನ ನುಸಿ ವಿಜ್ಞಾನಿಗಳೆಲ್ಲ 1986ರಲ್ಲಿ ಬೆಂಗಳೂರಿನಲ್ಲೇ ಸಮ್ಮೇಳನ ಸೇರಿದ್ದರು. ತೆಂಗಿನ ನುಸಿ ಕೇರಳದಲ್ಲಿ ವರದಿಯಾಗಿದ್ದು 1998ರಲ್ಲಿ. ನಮ್ಮ ತೋಟಕ್ಕೆ ನುಸಿ ಬಂತು, ವಿದ್ಯೆ ಬರಲಿಲ್ಲ. ನಮಗೆ ಸಿಕ್ಕಿದ್ದು ಬೇರಿಗೆ ಕಟ್ಟುವ ಕವರು ಮಾತ್ರ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಒಂದು ಭೂತಗನ್ನಡಿ ಒಯ್ದಿದ್ದೆ. ಗೀರು ಬಿದ್ದ ಎಳಗಾಯಿಯ ಟೋಪಿ ಬಿಡಿಸಿದೆ. ಬಿಳಿಯ ಹುಡಿ ಚೆಲ್ಲಿದಂತೆ ತೆಂಗಿನ ನುಸಿ ಗುಂಪುಗೂಡಿತ್ತು. ಅದರ ನಡುವೆ ಒಂದೇ ಒಂದು ದೊಡ್ಡ ಚುಕ್ಕೆ ಸರಸರನೆ ಓಡಾಡುತ್ತಿತ್ತು. ಅಪ್ಪ ಕನ್ನಡಿ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಇದಕ್ಕೂ ನಾವು ಔಷಧಿ ಕುಡಿಸಿದ್ವೇನೋ?" ಎಂದರು.