ಕಿಡಿಯ ವೇಳೆ

ನಮ್ಮ ನಾಡಿನ ಮೋಟಾರಿನ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಗಾಡಿ ಯಾರದು, ಯಾವ ಕಂಪನಿಯದು, ಯಾವ ಇಸವಿಯದು ಎಂಬಷ್ಟಕ್ಕೇ ನಿಲ್ಲುತ್ತಾರೆ. ಅದನ್ನು ಓಡಿಸುತ್ತಿದ್ದವನ ಎಡಗೈ ಏನು ಮಾಡುತ್ತಿತ್ತೆಂದು ಯಾರೂ ಕೇಳುವುದಿಲ್ಲ. ಅರ್ಧ ವಿದ್ಯೆ ಇದ್ದುದು ಆ ಕೈಯಲ್ಲೇ.

1908ರಿಂದ 1927ರವರೆಗೆ ತಯಾರಾದ ಫೋರ್ಡ್ ‘ಟಿ’ ಗಾಡಿಯಲ್ಲಿ ಸ್ಟಿಯರಿಂಗಿನ ಕೆಳಗೆ ಎರಡು ಸಣ್ಣ ಕಡ್ಡಿಗಳಿದ್ದವು. ಬಲಗಡೆಯದು ಪೆಟ್ರೋಲಿಗೆ, ಎಡಗಡೆಯದು ಕಿಡಿಗೆ. ಸಿಲಿಂಡರಿನೊಳಗಿನ ಮಿಶ್ರಣವು ಕಿಡಿ ತಗುಲಿದೊಡನೆ ಉರಿದು ಮುಗಿಯುವುದಿಲ್ಲ; ತುಸು ಹೊತ್ತು ಬೇಕು. ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನ್ನಿನಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಪಾಲು ಕಳೆಯುವಷ್ಟರಲ್ಲಿ ಕ್ರ್ಯಾಂಕು 9 ಡಿಗ್ರಿ ಸರಿದಿರುತ್ತದೆ. ಆದ್ದರಿಂದ ಪಿಸ್ಟನ್ನು ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ವೇಗ ಹೆಚ್ಚಿದಂತೆ ಇನ್ನೂ ಮೊದಲು. ಹ್ಯಾಂಡಲ್ ಹಾಕಿ ತಿರುಗಿಸುವಾಗ ಮಾತ್ರ ಕಡ್ಡಿಯನ್ನು ಹಿಂದಕ್ಕಿಡಬೇಕು. ಮರೆತರೆ ಹ್ಯಾಂಡಲ್ ತಿರುಗಿ ಒದೆದು ಕೈ ಮುರಿಯುತ್ತಿತ್ತು. ಮಣಿಕಟ್ಟಿನ ಒಂದು ಬಗೆಯ ಮುರಿತಕ್ಕೆ ವೈದ್ಯರು ಇಂದಿಗೂ ‘ಷೋಫರನ ಮುರಿತ’ ಎನ್ನುತ್ತಾರೆ!

ಕಾರವಾರದಿಂದ ತೋಡೂರು, ಅಮದಳ್ಳಿಯ ಮೇಲೆ ಅಂಕೋಲೆಗೆ ಬಂದು, ಅಲ್ಲಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರ ಸೇರುವ ದಾರಿಯನ್ನೇ ತೆಗೆದುಕೊಳ್ಳಿ. ಕರಾವಳಿಯ ಮಟ್ಟಸ ರಸ್ತೆಯಲ್ಲಿ ಕಿಡಿಯನ್ನು ಮುಂದಿಟ್ಟು ಅಂಥ ಗಾಡಿಯನ್ನು ನಿಶ್ಚಿಂತೆಯಿಂದ ಓಡಿಸಬಹುದು. ಘಟ್ಟದಲ್ಲಿ ಭಾರ ಬಿದ್ದು ವೇಗ ಇಳಿದೊಡನೆ ಅದೇ ಕಿಡಿ ತೀರ ಮುಂಚಿನದಾಗಿ ಎಂಜಿನ್ನು ಕುಟ್ಟತೊಡಗುತ್ತದೆ. ಕಡ್ಡಿಯನ್ನು ತುಸು ಹಿಂದಕ್ಕೆ ತಂದರೆ ಸದ್ದು ನಿಲ್ಲುತ್ತದೆ; ಅತಿಯಾಗಿ ತಂದರೆ ಉರಿ ತಡವಾಗಿ, ಬಲ ಕುಂದಿ, ರೇಡಿಯೇಟರಿನ ನೀರು ಕುದಿಯುತ್ತದೆ. ಇವೆರಡರ ನಡುವಿನ ನೆಲೆಯನ್ನು ಕಿವಿಯೇ ಹುಡುಕಬೇಕು.

1931ರವರೆಗೆ ಬಂದ ಫೋರ್ಡ್ ‘ಎ’ ಗಾಡಿಯಲ್ಲೂ ಈ ಕಡ್ಡಿ ಇತ್ತು. 1932ರ ವಿ-8ರಲ್ಲಿ ಆ ಕೆಲಸವನ್ನು ಡಿಸ್ಟ್ರಿಬ್ಯೂಟರೇ ವಹಿಸಿಕೊಂಡಿತು.

ಆದರೆ ಎರಡನೆಯ ಮಹಾಯುದ್ಧ ಬಂದು, ಪೆಟ್ರೋಲಿಗೆ ರೇಷನ್ ಆಗಿ, ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಏರಿತು. ಆ ಅನಿಲದಲ್ಲಿ ಅರ್ಧದಷ್ಟು ಉರಿಯದ ಸಾರಜನಕ. ಉಳಿದುದರ ಉರಿಯೂ ನಿಧಾನ. ಪೆಟ್ರೋಲಿಗೆ ಇಟ್ಟ ವೇಳೆ ಅದಕ್ಕೆ ಒಗ್ಗದು. ಡಿಸ್ಟ್ರಿಬ್ಯೂಟರನ್ನು ಸಡಿಲಿಸಿ ಕಿಡಿಯನ್ನು ಹಲವು ಡಿಗ್ರಿ ಮುಂದಕ್ಕೆ ಒಯ್ಯಬೇಕು. ಪೆಟ್ರೋಲಿಗೆ ಮರಳಿದರೆ ಪುನಃ ಹಿಂದಕ್ಕೆ. ಇದ್ದಿಲು ಬಸ್ಸೆಂದರೆ ಇಳಿದು ತಳ್ಳಿದ ಪ್ರಯಾಣಿಕರ ನಗೆಮಾತುಗಳು ಮಾತ್ರ ನಮ್ಮಲ್ಲಿ ಉಳಿದಿವೆ. ಮೈಯೆಲ್ಲ ಮಸಿಯಾಗಿ ಒಲೆಗೆ ಗಾಳಿ ಹಾಕಿದ ಕ್ಲೀನರ್ ಹುಡುಗನಿಗೆ ತಿಳಿದಿದ್ದ ದಹನಶಾಸ್ತ್ರವನ್ನು ಯಾರೂ ಬರೆದಿಡಲಿಲ್ಲ. ಇದು ಸಣ್ಣ ನಷ್ಟವಲ್ಲ.

ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವಿದೆ. ನೋಡಿ ಕಣ್ಣು ತಣಿಯುತ್ತದೆ. ಆದರೆ ನಿಂತ ಎಂಜಿನ್ನಿಗೆ ವೇಳೆ ಎಲ್ಲಿಯದು?

ಪಾಯಿಂಟು ಇರುವ ಗಾಡಿಗೆ ವೇಳೆ ಇಡುವ ಕ್ರಮವೇನೋ ಸರಳ. ಒಂದನೆಯ ಸಿಲಿಂಡರಿನ ಪ್ಲಗ್ಗು ಬಿಚ್ಚಿ, ರಂಧ್ರಕ್ಕೆ ಹೆಬ್ಬೆರಳಿಟ್ಟು ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು. ಗಾಳಿ ಬೆರಳನ್ನು ತಳ್ಳಿದರೆ ಪಿಸ್ಟನ್ನು ಒತ್ತುತ್ತ ಮೇಲೇರುತ್ತಿದೆ ಎಂದರ್ಥ. ಗುರುತುಗಳು ಕೂಡಿದಲ್ಲಿ ನಿಲ್ಲಿಸಿ, ಪಾಯಿಂಟು ಆಗತಾನೇ ಬಿಡುವಂತೆ ಡಿಸ್ಟ್ರಿಬ್ಯೂಟರನ್ನು ಹೊಂದಿಸಬೇಕು. ಆದರೆ ಆ ಗುರುತು ಕೊರೆದ ಕಾಲದ ಪೆಟ್ರೋಲು ಈಗ ಸಿಗುವುದಿಲ್ಲ. ಈಗಿನದರಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. ಆದಕಾರಣ ಗುರುತಿಗೆ ಹೊಂದಿಸಿದ ಮೇಲೂ ಗಾಡಿಯನ್ನು ಒಂದು ಏರಿಗೆ ಒಯ್ದು, ಟಾಪ್ ಗೇರಿನಲ್ಲೇ ಹತ್ತಿಸುತ್ತ ಕಿವಿಗೊಡಬೇಕು. ಕುಟ್ಟು ಕೇಳಿಸಿತೋ, ಇಳಿದು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ, ತಿರುಪು ಬಿಗಿದು, ಮತ್ತೊಮ್ಮೆ ಅದೇ ಏರನ್ನು ಹತ್ತಬೇಕು.