ಹುಡುಗ ಆಡದೇ ಹೋದರೆ ನಷ್ಟ ಯಾರದು? ಬೆಂಗಳೂರು ಕ್ರಿಕೆಟ್‌ನ ಆಯ್ಕೆ ಪದ್ಧತಿ: ಕ್ಲಬ್ಬಿನಿಂದ ಹರಾಜಿನವರೆಗೆ

ಕರ್ನಾಟಕದ ಕ್ರಿಕೆಟ್ ಚರಿತ್ರೆಯನ್ನು ನಾವು ರನ್ನು, ವಿಕೆಟ್ಟುಗಳ ಲೆಕ್ಕದಲ್ಲೇ ಬರೆದುಕೊಂಡು ಬಂದಿದ್ದೇವೆ. ಎಳೆಯ ಹುಡುಗರನ್ನು ಯಾರು ಗುರುತಿಸಿದರು, ಯಾವ ಕರಾರಿನ ಮೇಲೆ ತಮ್ಮ ತಂಡಕ್ಕೆ ಸೇರಿಸಿಕೊಂಡರು ಎಂಬ ಕಥೆ ಬಿಡಿಬಿಡಿಯಾಗಿಯೇ ಉಳಿದಿದೆ. ಆಯ್ಕೆಯಾದವನು ಮುಂದೆ ಆಡದೇ ಹೋದರೆ ಆ ನಷ್ಟವನ್ನು ಹೊರುವವರು ಯಾರು ಎಂಬ ಪ್ರಶ್ನೆಯನ್ನು ಹಿಡಿದು ಹೋದರೆ ಆ ಬಿಡಿ ಎಳೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ. ಸಂಸ್ಥೆ ಮೇಲಿದ್ದರೂ ಹುಡುಗರನ್ನು ಹೆಕ್ಕುವ ಕೆಲಸ ನಡೆಯುತ್ತಿದ್ದದ್ದು ಕೆಳಗೆ, ಲೀಗ್ ಕ್ಲಬ್ಬುಗಳಲ್ಲಿ. ಮಾಮೂಲ್‌ಪೇಟೆ, ಚಿಕ್ಕಪೇಟೆಯ ಓಣಿಗಳಲ್ಲಿ ಕೈಗಾಡಿ ಸರಿದಾಗಷ್ಟೇ ಆಟಕ್ಕೆ ಜಾಗ. ಚೆಂಡಾದರೂ ರಬ್ಬರಿನದು, ಇಲ್ಲವೇ ಟೆನಿಸಿನದು. ತೊಗಲಿನ ಚೆಂಡು ಕೈಗೆ ಸಿಗಬೇಕಾದರೆ ಕ್ಲಬ್ಬಿಗೇ ಸೇರಬೇಕಿತ್ತು. ಬಿ.ಎಸ್. ಚಂದ್ರಶೇಖರ್ ಸಿಟಿ ಕ್ರಿಕೆಟರ್ಸ್ ಸೇರಿದ್ದು ಹಾಗೆಯೇ. ಬಾಲ್ಯದಲ್ಲಿ ಬಂದ ಪೋಲಿಯೊ ಅವರ ಬಲಗೈಯನ್ನು ಸೊರಗಿಸಿತ್ತು. ಅದೇ ಕೈಯಿಂದ ಅವರು ವೇಗದ ಲೆಗ್‌ಸ್ಪಿನ್ ಹಾಕುತ್ತಿದ್ದರು. 1963–64ರ ಋತುವಿನಲ್ಲಿ ರಣಜಿಗೆ ಕಾಲಿಟ್ಟ ಚಂದ್ರ ಅದೇ ಋತುವಿನಲ್ಲಿ, 1964ರ ಜನವರಿಯಲ್ಲಿ, ಬೊಂಬಾಯಿಯಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಆಡಿದರು. ಆಗ ಅವರಿಗೆ ಹದಿನೆಂಟು. ಅಳತೆಪಟ್ಟಿ ಹಿಡಿದು ದೇಹಶಕ್ತಿ ನೋಡುವ ಇಂದಿನ ಟ್ರಯಲ್ಸ್‌ನಲ್ಲಿ ಆ ಕೈ ಪಾಸಾಗುತ್ತಿತ್ತೇ ಎಂಬುದು ನನ್ನ ಅನುಮಾನ. ಚೆಂಡು ಪಿಚ್ಚಾದ ಮೇಲೆ ಏನು ಮಾಡುತ್ತದೆ ಎಂದು ನೋಡುವ ಕಣ್ಣು ಅಂದಿನ ಆಯ್ಕೆಗಾರರಿಗಿತ್ತು.

ಆ ಕಾಲದಲ್ಲಿ ಕ್ಲಬ್ಬು ಕೊಡುತ್ತಿದ್ದದ್ದು ನೆಟ್ಸು, ಕಿಟ್ಟು, ಭಾನುವಾರದ ಪಂದ್ಯ. ಹಣದ ಮಾತೇ ಇರಲಿಲ್ಲ. ಹಾಗಾಗಿ ಅಪಾಯವೆಲ್ಲ ಹುಡುಗನದೇ, ಅವನ ಮನೆಯವರದೇ. ಎರಪಳ್ಳಿ ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿ, ವೆಸ್ಟ್ ಇಂಡೀಸ್ ಪ್ರವಾಸವನ್ನೂ ಮುಗಿಸಿ, ಎಂಜಿನಿಯರಿಂಗ್ ಓದಿಗೆಂದು ಹಿಂದೆ ಸರಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಜಗತ್ತಿನ ಶ್ರೇಷ್ಠ ಆಫ್‌ಸ್ಪಿನ್ನರನೊಬ್ಬನ ಐದು ವರ್ಷ ಪದವಿಗೆ ಸಂದಿತು. ಕಾಲು ಶತಮಾನದ ನಂತರವೂ ಈ ಎಚ್ಚರ ಹೋಗಿರಲಿಲ್ಲ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿ, ಹದಿಮೂರರಲ್ಲೇ ಯಂಗ್ ಕ್ರಿಕೆಟರ್ಸ್ ಕ್ಲಬ್ ಸೇರಿದ ಅನಿಲ್ ಕುಂಬ್ಳೆ 1989ರ ನವೆಂಬರಿನಲ್ಲಿ ರಾಜ್ಯಕ್ಕೆ, 1990ರ ಏಪ್ರಿಲಿನಲ್ಲಿ ದೇಶಕ್ಕೆ ಆಡಿದರು. ಆದರೂ ಆರ್.ವಿ. ಕಾಲೇಜಿನ ಮೆಕ್ಯಾನಿಕಲ್ ಎಂಜಿನಿಯರಿಂಗನ್ನು ಕೈಬಿಡಲಿಲ್ಲ.

ಈ ಭಾರವನ್ನು ಒಂದಿಷ್ಟು ಹಂಚಿಕೊಂಡದ್ದು ಬ್ಯಾಂಕುಗಳು ಮತ್ತು ಸಾರ್ವಜನಿಕ ಕಾರ್ಖಾನೆಗಳು. ಕ್ರೀಡಾ ಕೋಟಾದ ನೌಕರಿ ನಮ್ಮ ಊರು ಕಂಡ ಮೊದಲ ನಿಜವಾದ ಕರಾರು ಎಂದು ನಾನು ಭಾವಿಸುತ್ತೇನೆ. ಜಿ.ಆರ್. ವಿಶ್ವನಾಥ್ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ನೌಕರರಾಗಿದ್ದರು. ಬ್ಯಾಂಕಿಗೆ ತಂಡ ಬೇಕಿತ್ತು, ಹುಡುಗನಿಗೆ ತಿಂಗಳ ಸಂಬಳ ಬೇಕಿತ್ತು. ಫಾರ್ಮ್ ಹೋದರೂ ಮೇಜು, ಕುರ್ಚಿ, ಪಿಂಚಣಿ ಉಳಿಯುತ್ತಿದ್ದವು. ದೇಶಕ್ಕೆ ಆಡಿದವನ ಹೆಸರು ನಮಗೆ ಗೊತ್ತು. ರಾಜ್ಯದ ಹದಿನೈದು ಮಂದಿಯ ತಂಡದವರೆಗೆ ಬಂದು ನಿಂತವನಿಗೆ ಸಂಸಾರ ಹೂಡಲು ಈ ನೌಕರಿಯೇ ಆಸರೆಯಾಯಿತು. ಆ ಆಸರೆ ಈಗ ಸಣ್ಣದಾಗಿದೆ. 1913ರಲ್ಲಿ ಶುರುವಾಗಿ ಕೆಂಪೇಗೌಡ ರಸ್ತೆಯಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಕರಗಿದವು. ವಿಲೀನದ ಲಾಭನಷ್ಟವನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಲಿ. ಮೈದಾನದ ಮಟ್ಟಿಗೆ ಅದು ಬಾಗಿಲು ಮುಚ್ಚಿದ ಹಾಗೆಯೇ.

ಅಷ್ಟರಲ್ಲಿ ಐಪಿಎಲ್ ಬಂದಿತ್ತು. 2008ರ ಫೆಬ್ರುವರಿಯ ಹರಾಜು ಎಲ್ಲರಿಗೂ ನೆನಪಿದೆ. ಮರುತಿಂಗಳು ನಡೆದ ಇನ್ನೊಂದು ಆಯ್ಕೆ ಅಷ್ಟಾಗಿ ನೆನಪಿಲ್ಲ. ಹತ್ತೊಂಬತ್ತರೊಳಗಿನ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ಹರಾಜಿಗೆ ಬಿಡದೆ, ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ಡ್ರಾಫ್ಟ್ ಏರ್ಪಡಿಸಿದರು. ದೆಹಲಿ ಪ್ರದೀಪ್ ಸಾಂಗ್ವಾನರನ್ನು ಆರಿಸಿತು. ಬೆಂಗಳೂರಿಗೆ ವಿರಾಟ್ ಕೊಹ್ಲಿ ಸಿಕ್ಕರು. ಬೆಂಗಳೂರಿನಲ್ಲಿ ಬೆಳೆದ ಮನೀಶ್ ಪಾಂಡೆ ಮುಂಬೈ ಪಾಲಾದರು. ಮರುವರ್ಷ ಬೆಂಗಳೂರಿಗೆ ಬಂದು ಐಪಿಎಲ್‌ನಲ್ಲಿ ಭಾರತೀಯನೊಬ್ಬನ ಮೊದಲ ಶತಕ ಬಾರಿಸಿದರು.

ಡ್ರಾಫ್ಟ್ ಅಮೆರಿಕದ ಬೇಸ್‌ಬಾಲಿನಿಂದ ಚೆನ್ನಾಗಿ ಪರಿಚಿತವಾದ ಪದ್ಧತಿ. ಅಲ್ಲಿ 1965ರವರೆಗೆ ದುಡ್ಡಿರುವ ತಂಡ ಎಳೆಯರನ್ನು ಬಾಚಿಕೊಳ್ಳುತ್ತಿತ್ತು. ಆ ವರ್ಷದಿಂದ ಕೆಳಗೆ ಬಿದ್ದ ತಂಡಕ್ಕೆ ಮೊದಲ ಆಯ್ಕೆ ಎಂಬ ನಿಯಮ ಬಂತು. ಮೊದಲ ಹೆಸರು ರಿಕ್ ಮಂಡೇ, ಆರಿಸಿದ್ದು ಕಾನ್ಸಾಸ್ ಸಿಟಿ ಅಥ್ಲೆಟಿಕ್ಸ್. ಆರಿಸಿದ ತಂಡದೊಂದಿಗೆ ಮಾತ್ರವೇ ಹುಡುಗ ಚೌಕಾಸಿ ಮಾಡಬೇಕು, ಅದು ಅವನಿಗೆ ಕಟ್ಟು. ಆದರೆ ಹೈಸ್ಕೂಲು ಮುಗಿಸಿದವನು ಕರಾರು ಬೇಡವೆಂದು ಕಾಲೇಜಿಗೆ ಹೋಗಬಹುದು. ಸಹಿ ಹಾಕುವವನು ಮುಂದೆ ಓದುವ ಖರ್ಚನ್ನು ತಂಡವೇ ಕೊಡಬೇಕೆಂಬ ಕಲಮನ್ನು ಕರಾರಿಗೆ ಸೇರಿಸಿಕೊಳ್ಳಬಹುದು.

ನಮ್ಮಲ್ಲಿ ದೇಶಕ್ಕೆ ಆಡದ ಆಟಗಾರರಿಗೆ ಕೆಲವು ವರ್ಷ ನಿಗದಿತ ದರವಿತ್ತು. 2014ರಲ್ಲಿ ಅವರೂ ಹರಾಜಿಗೆ ಬಂದರು. ಆ ಹರಾಜು ಬೆಂಗಳೂರಿನಲ್ಲೇ ನಡೆಯಿತು. ಮುಂದಿನದನ್ನು ನಮ್ಮ ಊರಿನ ಆಲ್‌ರೌಂಡರ್ ಕೆ. ಗೌತಮ್ ಅವರ ಉದಾಹರಣೆಯಲ್ಲಿ ನೋಡಬಹುದು. 2021ರಲ್ಲಿ ಅವರ ಮೂಲಬೆಲೆ 20 ಲಕ್ಷ, ಬಿಕರಿಯಾದದ್ದು 9.25 ಕೋಟಿಗೆ. ಆ ವರ್ಷ ಚೆನ್ನೈ ಪರ ಒಂದು ಪಂದ್ಯವನ್ನೂ ಆಡಲು ಸಿಗಲಿಲ್ಲ. ಮರುವರ್ಷ ಲಖನೌ ಕೊಂಡದ್ದು 90 ಲಕ್ಷಕ್ಕೆ. ಹನ್ನೆರಡು ತಿಂಗಳಲ್ಲಿ ಅವರ ಆಫ್‌ಸ್ಪಿನ್ ಹತ್ತನೇ ಒಂದು ಪಾಲಿಗೆ ಇಳಿದಿರಲಿಲ್ಲ. ಇಳಿದದ್ದು ಕೊಳ್ಳುವವರ ಅಗತ್ಯ ಮಾತ್ರ. ಗೌತಮ್ ಅವರಿಗೆ ದೊಡ್ಡ ಮೊತ್ತವಾದರೂ ಬಂತು. ಅತಿ ಕೆಳಗಿನ ಮೂಲಬೆಲೆಯ ಪಟ್ಟಿಯಲ್ಲಿ ಹೆಸರು ಕೂಗಿಸಿಕೊಂಡು ಯಾರೂ ಕೈ ಎತ್ತದೆ ಹಿಂದಿರುಗುವ ಹುಡುಗರು ಪ್ರತಿ ವರ್ಷ ಇದ್ದಾರೆ.

ರಾಜ್ಯ ಸಂಸ್ಥೆಯೂ ಡ್ರಾಫ್ಟ್, ಹರಾಜು ಎಂಬ ಈ ಎರಡು ದಾರಿಗಳ ನಡುವೆ ಓಲಾಡಿದೆ. ತನ್ನ ಟಿ20 ಲೀಗ್ ಆದ ಮಹಾರಾಜ ಟ್ರೋಫಿಯ 2022ರ ಮೊದಲ ಆವೃತ್ತಿಗೆ ದರ್ಜೆವಾರು ಡ್ರಾಫ್ಟ್ ನಡೆಯಿತು. 2023ಕ್ಕೆ ಅದನ್ನು ಬಿಟ್ಟು ತಂಡಕ್ಕೆ 50 ಲಕ್ಷದ ಮಿತಿಯಲ್ಲಿ ಹರಾಜು ನಡೆಸಿದರು. ಅಭಿನವ್ ಮನೋಹರ್ 15 ಲಕ್ಷಕ್ಕೆ ಶಿವಮೊಗ್ಗ ಪಾಲಾದರು. ಹರಾಜು ಬಂದದ್ದಕ್ಕೆ ನನ್ನ ತಕರಾರಿಲ್ಲ, ಡ್ರಾಫ್ಟಿಗಿಂತ ಅದರಲ್ಲಿ ಆಟಗಾರನ ಕೈಗೆ ಹೆಚ್ಚು ಸೇರಬಹುದು. ಆದರೆ ಬೇಸ್‌ಬಾಲಿನಿಂದ ಡ್ರಾಫ್ಟಿನ ಸರದಿಯನ್ನು ಕಲಿತವರು ಓದಿನ ಕಲಮನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದಾರೆ. ಅತಿ ಕೆಳಗಿನ ಬೆಲೆಗೆ ಸಹಿ ಹಾಕುವ ಹದಿನೆಂಟರ ಹುಡುಗನ ಕಾಲೇಜು ಶುಲ್ಕವನ್ನು, ಅವನು ಆಡಲಿ ಬಿಡಲಿ, ಪದವಿ ಮುಗಿಯುವವರೆಗೆ ತಂಡವೇ ಕಟ್ಟಬೇಕೆಂದು ರಾಜ್ಯ ಸಂಸ್ಥೆ ಕರಾರಿನಲ್ಲಿ ಬರೆಸಬೇಕು. 50 ಲಕ್ಷ ಹಿಡಿದು ಕೂರುವ ತಂಡಕ್ಕೆ ಅದು ಹೊರೆಯಾಗದು.