ಕೃಷಿ ತ್ಯಾಜ್ಯದಿಂದ ಜೈವಿಕ ತೈಲ: ಸಾಧ್ಯತೆ ಮತ್ತು ಮಿತಿ

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು, ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗಗಳ ಕಡೆಗೆ ಹಳಿ ಕವಲೊಡೆಯುವ ಜಂಕ್ಷನ್. ಸುತ್ತಲಿನದು ಅಡಿಕೆ, ತೆಂಗು, ಮೆಕ್ಕೆಜೋಳ, ರಾಗಿ ಬೆಳೆಯುವ ಸೀಮೆ. ಸುಗ್ಗಿ ಮುಗಿದ ಮೇಲೆ ಅಡಿಕೆ ಸಿಪ್ಪೆ ರಸ್ತೆಬದಿಯಲ್ಲಿ ರಾಶಿ ಬೀಳುವುದು, ಕೆಲವೆಡೆ ಬೆಂಕಿಗೆ ಆಹುತಿಯಾಗುವುದು ಅಡಿಕೆ ಸೀಮೆಗೆ ಹೊಸದಲ್ಲ. ಇಂತಹ ತ್ಯಾಜ್ಯವನ್ನು ಇಂಧನವಾಗಿಸುವ ಮಾರ್ಗಗಳಲ್ಲಿ ಜೈವಿಕ ತೈಲವೂ ಒಂದು.

ತಯಾರಿಕೆ ಹೇಗೆ?

ತೇವಾಂಶ ಶೇ 10ಕ್ಕಿಂತ ಕಡಿಮೆಯಾಗುವಂತೆ ಒಣಗಿಸಿ ಪುಡಿ ಮಾಡಿದ ತ್ಯಾಜ್ಯವನ್ನು ಆಮ್ಲಜನಕವಿಲ್ಲದ ಪಾತ್ರೆಯಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕ್ಷಿಪ್ರವಾಗಿ ಕಾಯಿಸಲಾಗುತ್ತದೆ. ಗಾಳಿ ಇಲ್ಲದ ಕಾರಣ ಅದು ಉರಿಯದೆ ಆವಿಯಾಗಿ ಒಡೆಯುತ್ತದೆ. ಈ ಆವಿಯನ್ನು ಒಂದೆರಡು ಸೆಕೆಂಡುಗಳಲ್ಲೇ ತಣಿಸಿದರೆ ಕಡುಗಂದು ಬಣ್ಣದ ದ್ರವ ದೊರೆಯುತ್ತದೆ. ಇದಕ್ಕೆ ಕ್ಷಿಪ್ರ ಪೈರಾಲಿಸಿಸ್ ಎಂದು ಹೆಸರು. ಉತ್ತಮ ಕಚ್ಚಾವಸ್ತುವಿನಿಂದ ತೂಕದ ಶೇ 75ರವರೆಗೂ ದ್ರವ ಲಭಿಸಬಹುದು. ಉಳಿಯುವುದು ಇದ್ದಿಲು ಮತ್ತು ಅನಿಲ. ಅನಿಲವನ್ನು ಘಟಕದ ಶಾಖಕ್ಕೆ, ಇದ್ದಿಲನ್ನು ಉರುವಲಾಗಿ ಅಥವಾ ಮಣ್ಣಿಗೆ ಬಳಸಬಹುದು.

ಬಯೋಡೀಸೆಲ್ ಅಲ್ಲ

ಹೊಂಗೆ ಎಣ್ಣೆಯಿಂದ ತಯಾರಾಗುವ ಬಯೋಡೀಸೆಲ್‌ಗೂ ಇದಕ್ಕೂ ವ್ಯತ್ಯಾಸವಿದೆ. ಜೈವಿಕ ತೈಲದಲ್ಲಿ ನೀರಿನ ಪ್ರಮಾಣವೇ ಶೇ 15ರಿಂದ 30. ಆಮ್ಲೀಯ ಗುಣದಿಂದಾಗಿ ಲೋಹವನ್ನು ತಿನ್ನುತ್ತದೆ. ಒಂದು ಕಿಲೋ ತೈಲದ ಶಾಖಮೌಲ್ಯ 16ರಿಂದ 19 ಮೆಗಾಜೌಲ್. ಡೀಸೆಲ್‌ನದು ಸುಮಾರು 43. ಹೀಗಾಗಿ ಬಾಯ್ಲರ್, ಕುಲುಮೆಗಳಿಗೆ ಇದು ಸಲ್ಲುತ್ತದೆಯೇ ಹೊರತು ವಾಹನಕ್ಕೆ ನೇರವಾಗಿ ಸಲ್ಲದು. ವಾಹನ ಇಂಧನವಾಗಬೇಕಾದರೆ ಜಲಜನಕದೊಡನೆ ಸಂಸ್ಕರಿಸಿ ಆಮ್ಲಜನಕದ ಅಂಶವನ್ನು ತೆಗೆಯಬೇಕು. ತ್ಯಾಜ್ಯವನ್ನು ಜಲಜನಕದ ಸಮ್ಮುಖದಲ್ಲೇ ವಿಭಜಿಸುವ 'ಐಎಚ್2' ತಂತ್ರಜ್ಞಾನದ ಪ್ರಾಯೋಗಿಕ ಘಟಕವನ್ನು ಶೆಲ್ ಸಂಸ್ಥೆ ಬೆಂಗಳೂರಿನ ತನ್ನ ತಂತ್ರಜ್ಞಾನ ಕೇಂದ್ರದಲ್ಲಿ ಸ್ಥಾಪಿಸಿತ್ತು. ಅದರ ಸಾಮರ್ಥ್ಯ ದಿನಕ್ಕೆ 5 ಟನ್.

ಮೇವೋ, ಇಂಧನವೋ?

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಕೃಷಿ ಉಳಿಕೆಯಿಂದ ತಯಾರಾಗುವ ಇಂಧನಗಳಿಗೆ ಉತ್ತೇಜನ ನೀಡಿತು. ಆದರೆ ಬರ ಪದೇ ಪದೇ ಕಾಡುವ ಚಿತ್ರದುರ್ಗ ಜಿಲ್ಲೆಯಲ್ಲಿ ರಾಗಿ ಹುಲ್ಲು, ಜೋಳದ ಸಪ್ಪೆ ತ್ಯಾಜ್ಯವಲ್ಲ, ದನಕರುಗಳ ಮೇವು. ಅದನ್ನು ಘಟಕಕ್ಕೆ ಸಾಗಿಸಿದರೆ ಮೇವಿನ ದರ ಏರಿ ಹೊರೆ ಬೀಳುವುದು ಸಣ್ಣ ರೈತನ ಮೇಲೆ. ಮೇವಾಗದ ಅಡಿಕೆ ಸಿಪ್ಪೆ, ತೆಂಗಿನ ಚಿಪ್ಪು, ಶೇಂಗಾ ಸಿಪ್ಪೆಗಳೇ ಇಲ್ಲಿಗೆ ಸೂಕ್ತ. ಸಿಪ್ಪೆ ಹಗುರ, ಆಕ್ರಮಿಸುವ ಜಾಗ ಹೆಚ್ಚು. ದೂರ ಸಾಗಿಸಿದಷ್ಟೂ ಬಾಡಿಗೆಯೇ ಲಾಭವನ್ನು ನುಂಗುತ್ತದೆ. ಆದ್ದರಿಂದ ಅಡಿಕೆ ಸುಲಿಯುವ ಕಡೆಯಲ್ಲೇ ಸಣ್ಣ ಘಟಕ ಸ್ಥಾಪಿಸಿ, ಸಿಪ್ಪೆಗೆ ರೈತರಿಗೆ ನಿಶ್ಚಿತ ಬೆಲೆ ದೊರಕಿಸಿದರೆ ಮಾತ್ರ ರಸ್ತೆಬದಿಯ ರಾಶಿಗೆ ಬೆಲೆ ಬಂದೀತು.